ಸೂಜಿಹಕ್ಕಿಗೆ ಇಬ್ಬರು ಸಾಕ್ಷಿ

ಥರ್ಮಾಮೀಟರ್ ಕೆಟ್ಟುಹೋಗಿದೆ ಎಂದು ಕಿವಿಯಕ್ಕ ಮೂರನೆಯ ಸಲ ಹೇಳಿದಳು. ಗಂಡನ ಕಂಕುಳಿಗೆ ಅದನ್ನು ಸಿಕ್ಕಿಸಿ, ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಕಾದದ್ದೇ ಬಂತು. ಅದು ಸದ್ದು ಮಾಡುವ ಲಕ್ಷಣವೇ ಇರಲಿಲ್ಲ. ಜ್ವರ ಬಂದರೂ ಬಾಯಿಗೆ ಬಿಡುವು ಕೊಡದ ಗಂಡ, ಒಂದೇ ಮಗ್ಗುಲಲ್ಲಿ ಮಲಗಿ ಸಾಕಾಗಿ, “ಇದೇನು, ಮೊಟ್ಟೆಗೆ ಕಾವು ಕೊಡೋಕೆ ಇಟ್ಟಿದೀಯಾ?” ಎಂದು ಗೊಣಗುತ್ತಿದ್ದ. ಅಷ್ಟರಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮಗಳು ಒಳಗೆ ಬಂದಳು.

“ಅಮ್ಮಾ, ಅದನ್ನ ತೆಗೀಬಾರ್ದಾ? ಆಗ್ಲಿಂದ ಕೀಂ ಕೀಂ ಅಂತ ಬಡ್ಕೋತಿದೆ. ಹೊರಗಿದ್ದ ನಂಗೇ ಕೇಳಿಸ್ತು.”

ಕಿವಿಯಕ್ಕ ಥರ್ಮಾಮೀಟರನ್ನು ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದಳು. ಗುಂಡಿ ಒತ್ತಿದಳು. ಮಗಳು “ನೋಡು, ಮತ್ತೆ” ಎಂದಳು. ಕಿವಿಯಕ್ಕನಿಗೆ ಕೇಳಿಸಿದ್ದು ಗಂಡನ ಉಸಿರು ಮತ್ತು ಕೆಳಗಿನ ಬೀದಿಯಲ್ಲಿ ಯಾರೋ ಶಟರು ಎಳೆದ ಸದ್ದು, ಅಷ್ಟೇ. ಬೇರೆ ಯಾರಿಗಾದರೂ ಆಗಿದ್ದರೆ ವಯಸ್ಸಾಯಿತು ಎಂದು ನಕ್ಕು ಮರೆಯುವ ವಿಷಯ. ಇವಳಿಗೆ ಅನ್ನ ಕೊಟ್ಟದ್ದೇ ಕಿವಿ.

ಊರಿನ ಅಂಚಿನ ಸಂಶೋಧನಾ ಕೇಂದ್ರದಲ್ಲಿ ಅವಳದು ಮೂವತ್ತೊಂದು ವರ್ಷದ ನೌಕರಿ. ಸುತ್ತಲಿನ ಏಳು ಜವುಗುಗಳಲ್ಲಿ ಜೊಂಡಿನ ನಡುವೆ ಕಂಬ ನೆಟ್ಟು ರೆಕಾರ್ಡರ್ ತೂಗುಹಾಕಿದ್ದಾರೆ. ದಿನಾ ಬೆಳಗ್ಗೆ ಒಂದು ಗಂಟೆಯ ಕಾಲ ಅವು ಸುತ್ತಲಿನ ಸದ್ದನ್ನೆಲ್ಲ ತುಂಬಿಕೊಳ್ಳುತ್ತವೆ. ಕೇಂದ್ರದ ಹಿಂಭಾಗದಲ್ಲಿ, ಗೋಡೆಗೆಲ್ಲ ಹಳೆಯ ರಗ್ಗು ಬಡಿದ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತು, ಯಾವ ಹಕ್ಕಿ ಎಷ್ಟು ಸಲ ಕೂಗಿತು ಎಂದು ಹಾಳೆಯ ಮೇಲೆ ಗೀಟು ಹಾಕುವುದು ಅವಳ ಕೆಲಸ. ಕೇಳುವವರಿಗೆ ಇದೂ ಒಂದು ಕೆಲಸವೇ ಅನ್ನಿಸುತ್ತದೆ. ಒಂದು ದಿನ ಕೂತು ನೋಡಲಿ, ಗೊತ್ತಾಗುತ್ತದೆ.

ಆ ಹಕ್ಕಿಗಳಲ್ಲಿ ಮುಖ್ಯವಾದದ್ದು ಸೂಜಿಹಕ್ಕಿ. ಹೆಬ್ಬೆರಳಿನ ಗಾತ್ರ, ಮಣ್ಣಿನ ಬಣ್ಣ, ಜೊಂಡು ಬಿಟ್ಟು ಹೊರಗೆ ತಲೆ ಹಾಕುವುದಿಲ್ಲ. ಅದನ್ನು ಕಣ್ಣಾರೆ ಕಂಡವರು ಕೇಂದ್ರದಲ್ಲಿ ಇಬ್ಬರೋ ಮೂವರೋ. ಇದೆಯೋ ಇಲ್ಲವೋ ಎಂದು ತಿಳಿಯುವುದು ಕೂಗಿನಿಂದ ಮಾತ್ರ, ಆ ಕೂಗೋ ಹೊಸಬರು ವಾರಗಟ್ಟಲೆ ಕೂತರೂ ಹಿಡಿಯಲಾರದಷ್ಟು ಸಣ್ಣದು. ಇವಳು ಕೆಲಸಕ್ಕೆ ಸೇರಿದ ಮೊದಲ ದಿನವೇ ಹಿಡಿದಿದ್ದಳು. ಕಿವಿಯಕ್ಕ ಎಂಬ ಹೆಸರು ಅಂದು ಅಂಟಿಕೊಂಡದ್ದು. ನೀರು ಕೆಟ್ಟರೆ ಎಲ್ಲಕ್ಕಿಂತ ಮೊದಲು ಹೋಗುವ ಹಕ್ಕಿ ಅದಾದ್ದರಿಂದ ಕಾನೂನನ್ನೂ ಅದರ ಕೊರಳಿಗೇ ಕಟ್ಟಿದ್ದರು. ಸೂಜಿಹಕ್ಕಿ ಕೂಗುವ ಜವುಗನ್ನು ಯಾರೂ ಮುಟ್ಟುವಂತಿಲ್ಲ. ಮೂರು ವರ್ಷ ಸತತವಾಗಿ ಕೂಗು ದಾಖಲಾಗದಿದ್ದರೆ ಆ ಜವುಗು ಪಟ್ಟಿಯಿಂದ ಹೊರಗೆ.

ದಾಖಲು ಮಾಡುವುದಕ್ಕೆ ಕಿವಿಯಕ್ಕನೇ ಒಂದು ನಿಯಮ ಮಾಡಿದ್ದಳು: ಇಬ್ಬರು ಕೇಳಬೇಕು. ಬೇರೆ ಬೇರೆ ಕೂತು, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ ಕೇಳಬೇಕು. ಜವುಗಿನಲ್ಲೇ ನಿಂತು ಕೇಳುವಾಗ ಇಪ್ಪತ್ತು ಹೆಜ್ಜೆ ದೂರ, ಬೆನ್ನಿಗೆ ಬೆನ್ನು, ಕಣ್ಸನ್ನೆ ಕೈಸನ್ನೆ ಯಾವುದೂ ಕೂಡದು. ಮನುಷ್ಯನ ಕಿವಿಗೆ ದಾಕ್ಷಿಣ್ಯ ಜಾಸ್ತಿ, ಪಕ್ಕದವನಿಗೆ ಕೇಳಿಸಿತು ಅಂದರೆ ತನಗೂ ಕೇಳಿಸಿತು ಅಂದುಬಿಡುತ್ತದೆ ಎಂಬುದು ಅವಳ ವಾದ. ಇಪ್ಪತ್ತೇಳು ವರ್ಷ ಅವಳ ಜೊತೆ ಎರಡನೆಯ ಕಿವಿಯಾಗಿದ್ದವನು ಒಬ್ಬ ಮುಂಗೋಪದ ಸಹೋದ್ಯೋಗಿ. ನಾಲ್ಕು ವರ್ಷದ ಹಿಂದೆ ಅವನು ನಿವೃತ್ತನಾದ, ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಹಾಳೆಯಲ್ಲಿ ಎರಡು ಕಾಲಂ ಮಾತ್ರ ಹಾಗೇ ಉಳಿದವು. ಕಿವಿಯಕ್ಕ ಬೆಳಗ್ಗೆ ಕೇಳಿ ಮೊದಲ ಕಾಲಂ ತುಂಬಿ, ಅದನ್ನು ಡ್ರಾಯರಿನಲ್ಲಿ ಮುಚ್ಚಿಟ್ಟು, ಮಧ್ಯಾಹ್ನ ಮತ್ತೆ ಕೇಳಿ ಎರಡನೆಯದನ್ನು ತುಂಬುತ್ತಿದ್ದಳು. ಇದರಲ್ಲಿ ಮೋಸವಿದೆ ಎಂದು ಅವಳಿಗೆ ಎಳ್ಳಷ್ಟೂ ಅನ್ನಿಸಲಿಲ್ಲ. ಎರಡೂ ಕಾಲಂ ತಾಳೆಯಾದಾಗ ಹೆಮ್ಮೆಯನ್ನೂ ಪಡುತ್ತಿದ್ದಳು. ಒಬ್ಬಳದೇ ಕಿವಿ, ತಾಳೆಯಾಗದೆ ಇನ್ನೇನು.

ಹೆದ್ದಾರಿಯ ಪಕ್ಕದ ಜವುಗಿನ ಹಾಳೆಗಳಲ್ಲಿ ಮೂರು ವರ್ಷದಿಂದ ಎರಡೂ ಕಾಲಂ ಸೊನ್ನೆ. ಆ ಸೊನ್ನೆಗಳು ಮೇಲಿನ ಕಚೇರಿಗೆ ಹೋದವು, ಜವುಗು ಪಟ್ಟಿಯಿಂದ ಬಿತ್ತು, ಎರಡು ತಿಂಗಳಿಂದ ಅದರ ಒಂದು ತುದಿಯಲ್ಲಿ ಕೆಡವಿದ ಕಟ್ಟಡಗಳ ಮಣ್ಣನ್ನು ಲಾರಿಗಳು ತಂದು ಸುರಿಯುತ್ತಿದ್ದವು. ಗೋದಾಮು ಕಟ್ಟುತ್ತಾರಂತೆ. ಕಿವಿಯಕ್ಕ ಅದಕ್ಕಾಗಿ ದುಃಖಪಟ್ಟಿದ್ದಳು, ಆದರೆ ತಪ್ಪು ತನ್ನದಲ್ಲ ಎಂಬ ನೆಮ್ಮದಿಯಿಂದ ದುಃಖಪಟ್ಟಿದ್ದಳು.

ಮನೆಯಲ್ಲಿ ಯಾಕೆ ಯಾರಿಗೂ ಗೊತ್ತಾಗಲಿಲ್ಲ ಎಂದು ಕೇಳಬಹುದು. ಗಂಡ ನಲವತ್ತು ವರ್ಷ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗಿದವನು. ಅವನು ಗುಟ್ಟು ಹೇಳಿದರೆ ಎದುರು ಕಟ್ಟಡದವರು ತಲೆಯಾಡಿಸುತ್ತಾರೆ. ಮಗಳು ಹಲ್ಲಿನ ಲ್ಯಾಬಿನಲ್ಲಿ ಕಟ್ಟಿಸುವ ಹಲ್ಲುಗಳಿಗೆ ಬಣ್ಣ ಹೊಂದಿಸುವವಳು, ಮಾತು ಕಡಿಮೆ, ಆಡಿದರೆ ಬಿಡಿಸಿ ಬಿಡಿಸಿ ಆಡುತ್ತಾಳೆ. “ನಮ್ಮ ಮನೇಲಿ ಒಬ್ಬಳು ಕಿವಿ, ಒಬ್ಬಳು ಹಲ್ಲು, ನಾಲಿಗೆ ನಾನು” ಎಂದು ಗಂಡ ಬಂದವರಿಗೆಲ್ಲ ಹೇಳುತ್ತಿದ್ದ. ಅಂಥ ನಾಲಿಗೆಯಿದ್ದ ಮನೆಯಲ್ಲಿ ಕಿವಿ ಮಂದವಾದದ್ದು ತಿಳಿಯುವ ಸಂಭವವೇ ಇರಲಿಲ್ಲ.

ಮರುದಿನ ಯಾರಿಗೂ ಹೇಳದೆ ಕಿವಿ ಪರೀಕ್ಷೆಗೆ ಹೋದಳು. ಗಾಜಿನ ಕಪಾಟಿನಂಥ ಕೋಣೆ, ಹೆಡ್‌ಫೋನ್, ಕೈಯಲ್ಲೊಂದು ಗುಂಡಿ. ಸದ್ದು ಕೇಳಿಸಿದಾಗ ಒತ್ತಬೇಕು. ಶುರುವಿನಲ್ಲಿ ಪಟಪಟನೆ ಒತ್ತಿದಳು. ಆಮೇಲೆ ಪರೀಕ್ಷೆಯವಳು ನಿಲ್ಲಿಸಿದಳೇನೋ ಎಂದುಕೊಂಡು ಕಾದಳು. ಗಾಜಿನಾಚೆ ಅವಳ ಬೆರಳು ಮಾತ್ರ ಒಂದರ ಮೇಲೊಂದು ಕೀಲಿ ಒತ್ತುತ್ತಲೇ ಇತ್ತು.

“ಮಾತುಕತೆಗೆ ಏನೂ ತೊಂದ್ರೆ ಇಲ್ಲ ಮೇಡಂ,” ಎಂದಳು ಪರೀಕ್ಷೆಯವಳು, ಹಾಳೆಯ ಮೇಲೆ ಬಲಗಡೆ ಪಾತಾಳಕ್ಕೆ ಇಳಿದ ಗೆರೆ ತೋರಿಸುತ್ತ. “ತುಂಬಾ ಮೇಲಿನ ಸದ್ದುಗಳು ಮಾತ್ರ ಹೋಗಿವೆ. ನಿಮ್ಮ ವಯಸ್ಸಿಗೆ ಇದು ಮಾಮೂಲು.”

“ಯಾವಾಗ ಹೋಯ್ತು?”

“ಇದು ಒಂದಿನ ಹೋಗೋದಲ್ಲ. ಎಂಟು ವರ್ಷ, ಹತ್ತು ವರ್ಷ, ಸ್ವಲ್ಪ ಸ್ವಲ್ಪಾನೇ ಹೋಗಿರುತ್ತೆ. ನಿಮಗೆ ಗೊತ್ತಾಗಿರಲ್ಲ.”

“ಇಂಥಾ ವರ್ಷ ಅಂತ ಹೇಳೋಕಾಗಲ್ವಾ?”

“ಯಾಕೆ, ಯಾವುದಾದ್ರೂ ಅರ್ಜಿಗೆ ಬೇಕಿತ್ತಾ?”

ಇಲ್ಲ ಎಂದು ಹೇಳಿ ಕಿವಿಯಕ್ಕ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡಳು. ಅಲ್ಲಿಂದ ನೇರ ಕೇಂದ್ರಕ್ಕೆ ಬಂದು ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಸದ್ದನ್ನು ಚಿತ್ರ ಮಾಡಿ ತೋರಿಸುವ ಕಂಪ್ಯೂಟರ್ ಒಂದು ಆ ಕೋಣೆಗೆ ಬಂದು ಐದು ವರ್ಷವಾಗಿತ್ತು. ಕೂಗನ್ನು ಕಣ್ಣಿನಿಂದ ನೋಡುವುದೇನು ಕರ್ಮ ಎಂದು ಮೂಗು ಮುರಿದು, ಅದರ ಮೇಲೆ ತನ್ನ ಶಾಲು ಮಡಚಿಡುತ್ತಿದ್ದಳು. ಈಗ ಶಾಲು ತೆಗೆದು, ಹೆದ್ದಾರಿ ಜವುಗಿನ ಮೂರು ವರ್ಷದ ಹಿಂದಿನ ಒಂದು ಬೆಳಗನ್ನು ತೆರೆದಳು.

ಪರದೆಯ ಮೇಲ್ತುದಿಯಲ್ಲಿ, ಸೂಜಿಹಕ್ಕಿಯ ಕೂಗು ಬರಬೇಕಾದ ಎತ್ತರದಲ್ಲೇ, ತೆಳ್ಳನೆಯ ಗೀಟುಗಳಿದ್ದವು. ಒಂದೇ ಬೆಳಗಿನಲ್ಲಿ ನಲವತ್ತು. ಹೋದ ವರ್ಷದ್ದು ತೆರೆದಳು, ಹದಿನೇಳು. ಈ ವರ್ಷದ್ದರಲ್ಲಿ ಮೂರು, ಕೊನೆಯದು ಲಾರಿ ಬರುವುದಕ್ಕೆ ಒಂದು ವಾರ ಮೊದಲು. ಹೆಡ್‌ಫೋನ್ ಹಾಕಿಕೊಂಡು, ಗೀಟು ಬರುವ ಕಡೆ ವಾಲ್ಯೂಮು ಪೂರ್ತಿ ಏರಿಸಿ ಕೇಳಿದಳು. ಜೊಂಡಿನ ಗಾಳಿ, ಕಪ್ಪೆ, ದೂರದ ಹಾರನ್ನು ಎಲ್ಲ ಕೇಳಿಸಿತು. ಗೀಟು ಮಾತ್ರ ಪರದೆಯ ಮೇಲೆ ಸದ್ದಿಲ್ಲದೆ ದಾಟಿಹೋಯಿತು. ಸೊನ್ನೆ ಬರೆದ ಒಂದೊಂದು ದಿನವೂ ಹಕ್ಕಿ ಇವಳ ಕಿವಿಯೊಳಗೇ ಕೂಗಿತ್ತು, ಇವಳು ಅಡ್ಡಗೆರೆ ಎಳೆದು ಸಹಿ ಮಾಡಿದ್ದಳು, ಅದೂ ಎರಡೆರಡು ಸಲ.

ನಿರ್ದೇಶಕನ ಕೋಣೆಗೆ ಹೋಗುವಾಗ ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೊರಟಿದ್ದಳು. ಅವನು ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಅವಳ ಕೈಕೆಳಗೆ ಕಲಿಯಲು ಬಂದು ಸೂಜಿಹಕ್ಕಿಯ ಪರೀಕ್ಷೆಯಲ್ಲಿ ಫೇಲಾಗಿ, ಕಡತದ ಕಡೆ ಹೋಗಿ ದೊಡ್ಡವನಾದವನು. ಆ ಪರೀಕ್ಷೆ ಹೀಗಿರುತ್ತಿತ್ತು. ಹೊಸಬರಿಗೆ ಕೂಗಿನ ರೆಕಾರ್ಡು ಮೊದಲೇ ಕೇಳಿಸುವುದಿಲ್ಲ. ಕೇಳಿಸಿದರೆ ಕಿವಿ ಅದನ್ನೇ ಎಲ್ಲೆಲ್ಲೂ ಹುಡುಕಿಕೊಳ್ಳುತ್ತದೆ. ಜವುಗಿಗೆ ಕರೆದೊಯ್ದು, ತುಂಬಾ ಸಣ್ಣ ಸದ್ದು ಒಂದು ಬರುತ್ತದೆ ನೋಡು ಎಂದಷ್ಟೇ ಹೇಳುವುದು. ವಾಪಸು ಬರುವಾಗ ದಾರಿಯಲ್ಲಿ, ಹೇಗಿತ್ತು ಹೇಳು ಎಂದು ಕೇಳುವುದು. ಕೇಳಿದವರು ಒಂದು ತರಹ ಹೇಳುತ್ತಾರೆ, ಕೇಳದವರು ಏನೇನೋ ಹೇಳುತ್ತಾರೆ. ನಿರ್ದೇಶಕ ಅಂದು ಗೆಜ್ಜೆ ಅಲ್ಲಾಡಿಸಿದ ಹಾಗಿತ್ತು ಎಂದಿದ್ದ. ಕಿವಿಯಕ್ಕ ಬಸ್ಸಿನಲ್ಲೇ ನಕ್ಕುಬಿಟ್ಟಿದ್ದಳು.

“ಹೆದ್ದಾರಿ ಜವುಗಿನಲ್ಲಿ ಹಕ್ಕಿ ಇದೆ ಅನ್ಸುತ್ತೆ,” ಎಂದಳು. “ಪರದೆ ಮೇಲೆ ಗೀಟು ಕಾಣ್ತಿದೆ.”

ಅವನು ಎದ್ದು ಅವಳ ಕೋಣೆಗೆ ಬಂದು ಪರದೆ ನೋಡಿದ. “ಅಕ್ಕಾ, ಇದು ರೆಕಾರ್ಡರ್‌ದೇ ಸದ್ದಿರಬಹುದು. ತೇವ ಹೊಕ್ಕರೆ ಅದು ಹಿಂಗೇ ಕಿರುಗುಟ್ಟುತ್ತೆ ಅಂತ ನೀವೇ ಹೇಳ್ಕೊಟ್ಟಿದ್ರಿ. ಮೂರು ವರ್ಷ ನೀವು ಕೇಳಿ ಇಲ್ಲ ಅಂದಿದ್ದೀರಲ್ಲ.”

“ಅದನ್ನೇ ಹೇಳೋಣ ಅಂತ ಬಂದೆ.” ಅವಳ ಕೈ ಚೀಲದೊಳಗಿನ ಹಾಳೆಯ ಮೇಲಿತ್ತು.

“ಒಳ್ಳೆ ಹೊತ್ತಿಗೆ ಬಂದ್ರಿ ಬಿಡಿ. ಉಳಿದ ಆರು ಜವುಗಿನ ಕೇಸು ಮುಂದಿನ ತಿಂಗಳು ಬರುತ್ತೆ. ಕಾರ್ಖಾನೆಯವರ ಲಾಯರ್ ಕೇಳ್ತಾನೆ, ಹತ್ತು ವರ್ಷದಲ್ಲಿ ಹಕ್ಕಿ ಅರ್ಧಕ್ಕರ್ಧ ಇಳಿದಿದೆ ಅಂತೀರಲ್ಲ, ಎಣಿಸಿದ್ದು ಯಾರು ಅಂತ. ನಮ್ಮ ಕಿವಿಯಕ್ಕ ಅಂದೆ. ಮೂವತ್ತೊಂದು ವರ್ಷ ಒಂದೇ ಕಿವಿ ಕೇಳಿದ್ದು ರೀ, ಇದಕ್ಕಿಂತ ಪುರಾವೆ ಬೇಕಾ ಅಂದೆ. ತೆಪ್ಪಗಾದ.”

ಕಿವಿಯಕ್ಕ ಚೀಲದಿಂದ ಕೈ ತೆಗೆದಳು. ಅರ್ಧಕ್ಕರ್ಧ ಇಳಿದದ್ದು ಹಕ್ಕಿಯೋ ತನ್ನ ಕಿವಿಯೋ, ಅವಳಿಗೇ ಗೊತ್ತಿರಲಿಲ್ಲ. ಆ ಆರರಲ್ಲೂ ಕಂಬದ ಪಕ್ಕಕ್ಕೇ ಬಂದು ಕೂಗಿದ್ದಷ್ಟೇ, ಅದೂ ಈಚಿನವರೆಗೆ, ಅವಳ ಕಿವಿಗೆ ಬಿದ್ದಿರಬೇಕು. ಹಕ್ಕಿ ಇಳಿಯುತ್ತಿದೆ ಎಂಬ ಲೆಕ್ಕದ ಮೇಲೆಯೇ ಆ ಆರು ಜವುಗುಗಳಿಗೆ ಬೇಲಿ ಬಂದಿತ್ತು, ಅವುಗಳಿಗೆ ಬಿಡುತ್ತಿದ್ದ ಕಾರ್ಖಾನೆಯ ನೀರು ನಿಂತಿತ್ತು. ಬಾಯಿ ಬಿಟ್ಟರೆ ಒಂದು ಜವುಗಿಗಾಗಿ ಆರನ್ನು ಕೊಟ್ಟಂತೆ. ಬಾಯಿ ಮುಚ್ಚಿಕೊಂಡರೆ ದಿನಕ್ಕೆ ಇಪ್ಪತ್ತು ಲಾರಿ. ಒಂದು ಹಾಳೆಯ ಮುಂದೆ ಇಷ್ಟು ಹೆದರಿದ್ದು ಅವಳ ಜೀವಮಾನದಲ್ಲೇ ಇರಲಿಲ್ಲ.

“ಅಷ್ಟು ಅನುಮಾನ ಇದ್ರೆ ಮರುಪರಿಶೀಲನೆಗೆ ಬರೀತೀನಿ,” ಎಂದ ನಿರ್ದೇಶಕ. “ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬರ್ತಾರೆ. ನೀವು ಹೋಗಿ ನಿಂತು ಕೇಳ್ಬೇಕು, ಜೊತೆಗೆ ಒಬ್ಬ ಸಾಕ್ಷಿ, ಯಾರಾದ್ರೂ ಆಗ್ಬಹುದು. ಪಟ್ಟಿಯಿಂದ ಬಿದ್ದ ಜವುಗಿಗೆ ರೆಕಾರ್ಡು ನಡೆಯಲ್ಲ, ಅಲ್ಲೇ ಕೇಳ್ಬೇಕು. ಒಂದೇ ಒಂದ್ಸಲ ಕೇಳಿಸಿದ್ರೂ ಅವತ್ತೇ ಲಾರಿ ನಿಲ್ಲುತ್ತೆ. ಕೂಗೋ ಕಾಲ ಇನ್ನೊಂದು ವಾರ ಇದೆ, ಅಲ್ವಾ?”

ಹೂಂ ಎಂದಳು. ಹಾಳೆ ಚೀಲದಲ್ಲೇ ಉಳಿಯಿತು.

ಹೇಳಿದ್ದು ಮಗಳಿಗೆ ಮಾತ್ರ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ನಲ್ಲಿ ಬಿಟ್ಟುಕೊಂಡು, ಒಳಗೆ ಮಲಗಿದ ಗಂಡನಿಗೆ ಕೇಳಿಸದ ಹಾಗೆ ಹೇಳಿದಳು. ಮಗಳು ತಟ್ಟೆ ಒರೆಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

“ಸಾಕ್ಷಿ ಅಂತ ನಾನು ಬರ್ತೀನಿ,” ಎಂದಳು. “ನನ್ನ ಕಿವಿ ಸರಿಯಾಗಿದೆಯಲ್ಲ. ನಿನ್ನ ಕೈ ಹಿಡ್ಕೊಂಡಿರ್ತೀನಿ. ಕೇಳಿಸಿದ ತಕ್ಷಣ ಅದುಮ್ತೀನಿ, ನೀನು ಕೇಳಿಸ್ತು ಅನ್ನು.”

“ಹಾಗೆ ಮಾಡಬಾರ್ದು ಕಣೇ. ಇಬ್ಬರೂ ದೂರ ನಿಲ್ಲಬೇಕು. ನಾನೇ ಮಾಡಿದ ನಿಯಮ.”

“ಹಕ್ಕಿ ಇದೆ ಅಂತೀಯಲ್ಲ.”

“ಇದೆ ಅನ್ಸುತ್ತೆ.”

“ಇದ್ರೆ ಸುಳ್ಳು ಹೇಗಾಗುತ್ತೆ?”

ಕಿವಿಯಕ್ಕ ಇನ್ನೊಂದು ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದಳು. ಒಂದು ಹಟ ಮಾತ್ರ ಬಿಡಲಿಲ್ಲ: ಹಳೆಯ ರೆಕಾರ್ಡನ್ನು ಮಗಳಿಗೆ ಕೇಳಿಸಲಿಲ್ಲ. ದೊಡ್ಡ ನಿಯಮವನ್ನು ಮುರಿಯುವವಳು ಚಿಕ್ಕ ನಿಯಮವನ್ನಾದರೂ ಉಳಿಸಿಕೊಳ್ಳೋಣ ಎಂದುಕೊಂಡಳೋ ಏನೋ. ತುಂಬಾ ಸಣ್ಣದು, ಕೇಳಿಸಿದರೆ ನಿನಗೇ ತಿಳಿಯುತ್ತದೆ ಎಂದಷ್ಟೇ ಹೇಳಿದಳು. ಒಳಗಿನಿಂದ ಗಂಡ, “ಎಲ್ಲಿಗೋ ಹೊರಟ ಹಾಗಿದೆ, ನಾನೂ ಬರ್ಲಾ?” ಎಂದು ಕೂಗಿದ.

“ನೀವು ಒಂದ್ಸಲ ಕೆಮ್ಮಿದ್ರೆ ಏಳು ಜವುಗೂ ಖಾಲಿಯಾಗುತ್ತೆ. ಸುಮ್ನೆ ಮಲಗಿ,” ಎಂದಳು ಕಿವಿಯಕ್ಕ.

ಅಧಿಕಾರಿ ಬಂದದ್ದು ಐದನೆಯ ದಿನ. ಬೆಳಗಿನ ಆರು ಗಂಟೆಗೆ ಒಡ್ಡಿನ ಮೇಲೆ ಹೊಸ ಬೂಟು ಹಾಕಿಕೊಂಡು, ಬೂಟಿಗೆ ಕೆಸರಾಗದ ಜಾಗ ಹುಡುಕುತ್ತ ನಿಂತಿದ್ದ. ವಾಹನ ನೋಂದಣಿಯ ಕಚೇರಿಯಿಂದ ಮೊನ್ನೆ ಮೊನ್ನೆ ಇಲ್ಲಿಗೆ ವರ್ಗವಾಗಿ ಬಂದವನು, ಸಜ್ಜನ. “ನಂಗೆ ಕಾಗೆ ಗುಬ್ಬಿ ಬಿಟ್ರೆ ಮೂರನೇ ಹಕ್ಕಿ ಗೊತ್ತಿಲ್ಲಮ್ಮಾ. ನೀವು ಹೇಳಿದ್ದು ಬರ್ಕೊಳ್ಳೋದಷ್ಟೇ ನನ್ನ ಕೆಲಸ. ಏಳು ಗಂಟೆವರೆಗೂ ಲಾರಿ ಬಿಡಬೇಡಿ ಅಂದಿದೀನಿ,” ಎಂದ. ಇಬ್ಬರು ದೂರ ದೂರ ನಿಲ್ಲಬೇಕೆಂಬ ನಿಯಮ ಅವನಿಗೆ ಗೊತ್ತಿರಲಿಲ್ಲ. ಕಿವಿಯಕ್ಕ ಹೇಳಲಿಲ್ಲ.

ಜವುಗಿನ ಕಾಲುಭಾಗ ಆಗಲೇ ಮುಚ್ಚಿಹೋಗಿತ್ತು. ಮಣ್ಣಿನ ದಿಣ್ಣೆಯ ಮೇಲೆ ಒಡೆದ ಟೈಲ್ಸು, ಒಂದು ಕೈತೊಳೆಯುವ ಬೇಸಿನ್ನು, ಯಾರದೋ ಮನೆಯ ನಾಲ್ಕು ಮೆಟ್ಟಿಲು. ಅದರ ಬುಡದಲ್ಲಿ ಜೊಂಡು ಬಿಳಿಚಿಕೊಂಡು ಮಲಗಿತ್ತು. ತಾಯಿ ಮಗಳು ಹಲಗೆಯ ಮೇಲೆ ನಡೆದು ಜೊಂಡು ಇನ್ನೂ ಹಸಿರಾಗಿರುವ ಕಡೆ ಹೋಗಿ ನಿಂತರು. ಅಧಿಕಾರಿಗೆ ಬೆನ್ನು ಕಾಣುವ ಹಾಗೆ, ಕೈಗಳು ಕಾಣದ ಹಾಗೆ ನಿಂತರು. ಮಗಳ ಕೈ ತಣ್ಣಗಿತ್ತು.

ಕಿವಿಯಕ್ಕ ಅಭ್ಯಾಸಬಲದಿಂದ ಕಣ್ಣು ಮುಚ್ಚಿದಳು. ಕಪ್ಪೆಗಳು ಕಡಿಮೆಯಾಗಿದ್ದವು, ಬಾತುಕೋಳಿಯೊಂದು ಎಲ್ಲೋ ರೆಕ್ಕೆ ಬಡಿಯಿತು, ಜೊಂಡು ಸವರಿಕೊಂಡು ಗಾಳಿ ಹೋಯಿತು. ಇವುಗಳ ಮೇಲೆ ಇನ್ನೊಂದು ಅಂತಸ್ತೇ ಇದೆ, ಅಲ್ಲಿ ಬೇರೆ ಹಕ್ಕಿಗಳು, ಹುಳುಗಳು ತಮ್ಮ ಪಾಡಿಗೆ ಕೂಗುತ್ತಿರುತ್ತವೆ ಎಂದು ಅವಳಿಗೆ ಗೊತ್ತು. ತನ್ನನ್ನು ಆ ಅಂತಸ್ತಿನಿಂದ ಇಳಿಸಿ ಎಷ್ಟೋ ವರ್ಷವಾಗಿದೆ, ಇಳಿಸಿದ್ದು ತನಗೇ ತಿಳಿಯಲಿಲ್ಲ ಎಂದುಕೊಂಡಾಗ ಅವಳಿಗೆ ಅವಮಾನಕ್ಕಿಂತ ಹೆಚ್ಚಾಗಿ ಒಂಟಿತನವೆನಿಸಿತು. ಮಗಳ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಮಗಳ ಬೆರಳು ಅಲುಗಲಿಲ್ಲ.

ಅರ್ಧ ಗಂಟೆ ಕಳೆಯಿತು. ಹೆದ್ದಾರಿಯ ಕಡೆಯಿಂದ ಲಾರಿಗಳು ಬಂದು ಸಾಲಾಗಿ ನಿಂತ ಸದ್ದು ಕೇಳಿಸಿತು, ಚಾಲಕರು ಇಳಿದು ಮಾತಾಡತೊಡಗಿದರು. ಕೂಗು, ಒಂದೇ ಒಂದು ಸಲ ಕೂಗು, ಆಮೇಲೆ ನಿನ್ನ ಗೋಜಿಗೆ ಬರುವುದಿಲ್ಲ ಎಂದು ಕಿವಿಯಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು. ಯಾರನ್ನೂ ಯಾವುದಕ್ಕೂ ಬೇಡಿದವಳಲ್ಲ ಅವಳು.

“ಇನ್ನೈದು ನಿಮಿಷ ಅಮ್ಮಾ,” ಎಂದ ಅಧಿಕಾರಿ ಹಿಂದಿನಿಂದ, ಸಂಕೋಚದಿಂದಲೇ.

ಅವಳ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿರುವುದು ಕೆನ್ನೆ ತಣ್ಣಗಾದಾಗಲೇ ತಿಳಿದದ್ದು. ಆಗ ಮಗಳು ಕೈ ಅದುಮಿದಳು. ಗಟ್ಟಿಯಾಗಿ, ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಅದುಮಿದಳು.

“ಕೇಳಿಸ್ತು,” ಎಂದಳು ಕಿವಿಯಕ್ಕ.

“ಯಾವ ಕಡೆ?”

ಮಗಳ ಮುಖ ಎಡಕ್ಕೆ ತಿರುಗಿತ್ತು. ಕಿವಿಯಕ್ಕ ಎಡಗಡೆಗೆ ಬೆರಳು ತೋರಿಸಿದಳು. ಅಧಿಕಾರಿ ಗಡಿಯಾರ ನೋಡಿ ಬರೆದುಕೊಂಡ, ಕೇಳಿಸಿದ್ದು ಒಂದು ಸಲ, ಬೆಳಗ್ಗೆ ಆರು ಐವತ್ತಾರು. ಒಡ್ಡಿನ ಮೇಲೆ ಅವನ ಚೀಲವನ್ನೇ ಮೇಜು ಮಾಡಿಕೊಂಡು ಕಿವಿಯಕ್ಕ ಸಹಿ ಮಾಡಿದಳು, ಕೆಳಗೆ ಸಾಕ್ಷಿ ಎಂದಿದ್ದ ಕಡೆ ಮಗಳು ಮಾಡಿದಳು. “ನಿಮ್ಮ ಬಗ್ಗೆ ಕೇಳಿದ್ದೆ,” ಎಂದ ಅವನು, ಅವಳ ಒದ್ದೆ ಕೆನ್ನೆ ನೋಡಿ ತಾನೂ ಸ್ವಲ್ಪ ಕರಗಿ. ಆಮೇಲೆ ಲಾರಿಗಳ ಕಡೆ ಕೈ ಬೀಸುತ್ತ ಹೋದ. ಅವು ಒಂದೊಂದಾಗಿ ಹಿಂದಕ್ಕೆ ತಿರುಗಿದವು.

ವಾಪಸು ಬರುವ ಬಸ್ಸಿನಲ್ಲಿ ಮಗಳಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಕಿವಿಯಕ್ಕನಿಗೆ ಇಡೀ ಮೈ ಹಗುರವಾದಂತಿತ್ತು. ಎಷ್ಟೋ ದಿನದ ಮೇಲೆ ಹಸಿವಾಗಿತ್ತು. ಹಕ್ಕಿ ಇದೆ, ತನ್ನ ಮೂರು ವರ್ಷದ ಸೊನ್ನೆಗಳನ್ನು ದಾಟಿಯೂ, ಲಾರಿಗಳನ್ನು ದಾಟಿಯೂ ಇದೆ. ಒಂದು ನಿಯಮ ಮುರಿಯಿತು, ಮುರಿಯಲಿ. ಹೀಗೆಲ್ಲ ಅಂದುಕೊಳ್ಳುತ್ತಿದ್ದವಳಿಗೆ ಆಸೆ ತಡೆಯಲಿಲ್ಲ. ತನಗೆ ಇನ್ನೆಂದೂ ಕೇಳಿಸದ್ದನ್ನು ಕೇಳಿಬಂದವಳು ಪಕ್ಕದಲ್ಲೇ ಕೂತಿದ್ದಾಳೆ.

“ಹೇಗಿತ್ತು ಹೇಳು,” ಎಂದಳು.

“ಏನು?”

“ಕೂಗು ಕಣೇ. ನಿಂಗೆ ಹೇಗೆ ಕೇಳಿಸ್ತು?”

ಮಗಳು ಹೊರಗೆ ನೋಡಿದಳು. “ಚೆನ್ನಾಗಿತ್ತು. ಸಣ್ಣಕ್ಕೆ ಸಿಳ್ಳೆ ಹಾಕಿದ ಹಾಗೆ.”

“ಸಿಳ್ಳೆ?”

“ಹೂಂ. ಎರಡು ಮೂರು ಸಲ. ಕುಯ್, ಕುಯ್ ಅಂತ.”

ಮೂವತ್ತೊಂದು ವರ್ಷದಲ್ಲಿ ಇದೇ ದಾರಿಯ ಬಸ್ಸಿನಲ್ಲಿ ಎಷ್ಟು ಜನ ಹೊಸಬರನ್ನು ಕೇಳಿದ್ದಳೋ ಲೆಕ್ಕವಿಲ್ಲ. ಬಾಯಿ ತೆರೆದ ಮೊದಲ ಮಾತಿಗೇ ಅವಳಿಗೆ ತಿಳಿಯುತ್ತಿತ್ತು, ಇವರಿಗೆ ಕೇಳಿಸಿದೆ, ಇವರಿಗಿಲ್ಲ ಎಂದು. ಸೂಜಿಹಕ್ಕಿ ಸಿಳ್ಳೆ ಹಾಕುವುದಿಲ್ಲ. ಒಂದು ಉಸಿರಿಗೆ ಎರಡು ಮೂರು ಸಲ ಕೂಗುವುದಿಲ್ಲ. ಕಿವಿಯಕ್ಕ ಮಗಳ ಮುಖ ನೋಡಿದಳು. ಮಗಳು ಕೈಯಲ್ಲಿದ್ದ ಟಿಕೆಟ್ಟನ್ನು ಸಣ್ಣದಾಗಿ ಮಡಚುತ್ತ ಕೂತಿದ್ದಳು.

“ಇಡೀ ಗಂಟೆ ಏನೂ ಕೇಳಿಸ್ಲಿಲ್ವಾ?”

ಮಗಳು ಟಿಕೆಟ್ಟನ್ನು ಮತ್ತೊಂದು ಮಡಿಕೆ ಮಾಡಿದಳು. “ನೀನು ಅಳ್ತಿದ್ದೆ ಅಮ್ಮಾ,” ಎಂದಳು ಆಮೇಲೆ. “ಅವರು ಐದೇ ನಿಮಿಷ ಅಂದ್ರು. ನೀನು ನನ್ನ ಕೈ ಹಿಡ್ಕೊಂಡಿದ್ದ ರೀತಿ... ನಂಗೆ ತಡ್ಕೊಳ್ಳೋಕಾಗ್ಲಿಲ್ಲ.”

ಕಿವಿಯಕ್ಕನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ದೂರ ನಿಲ್ಲಬೇಕು, ಮುಟ್ಟಬಾರದು ಎಂದು ತಾನು ಮಾಡಿದ ನಿಯಮ ದಾಕ್ಷಿಣ್ಯದವರಿಗಾಗಿ ಮಾಡಿದ್ದು ಎಂದು ಇಷ್ಟು ವರ್ಷ ತಿಳಿದಿದ್ದಳು. ಪ್ರೀತಿಗಾಗಿಯೂ ಅದು ಬೇಕಿತ್ತು ಎಂದು ಹೊಳೆದಿರಲಿಲ್ಲ. ಪರದೆಯ ಮೇಲೆ ಕಂಡ ಗೀಟುಗಳು ಹಕ್ಕಿಯದೋ ತೇವ ಹೊಕ್ಕ ಯಂತ್ರದ್ದೋ ಎಂದು ಇನ್ನು ಯಾರನ್ನು ಕೇಳುವುದು. ನಿಜವಾಗಿ ಹಕ್ಕಿಯದೇ ಆಗಿದ್ದರೆ, ಕೂಗುವ ಕಾಲದ ಕೊನೆಯ ವಾರದಲ್ಲಿ, ಒಳ್ಳೆಯ ಕಿವಿಯೊಂದು ಪೂರ್ತಿ ಒಂದು ಗಂಟೆ ಕಾದರೂ ಅದು ಕೂಗಿರಲಿಲ್ಲ. ಅದು ಇದ್ದಾಗ ಇವಳು ಇಲ್ಲ ಎಂದು ಬರೆದಿದ್ದಳು. ಈಗ ಇದೆ ಎಂದು ಬರೆದು ಬಂದಿದ್ದಾಳೆ.

ಫೋನು ಬಂತು. ನಿರ್ದೇಶಕ. ಬಸ್ಸಿನ ಸದ್ದಿನಲ್ಲೂ ಅವನ ಖುಷಿ ಕೇಳಿಸುತ್ತಿತ್ತು.

“ಅಕ್ಕಾ, ಈಗಷ್ಟೇ ಅಧಿಕಾರಿ ಹೇಳಿದ್ರು. ಲಾರಿ ನಿಂತ್ವು. ನಂಗೆ ಗೊತ್ತಿತ್ತು, ನೀವು ಹೋದ್ರೆ ಅದು ಕೂಗೇ ಕೂಗುತ್ತೆ ಅಂತ.”

“ಹೂಂ,” ಎಂದಳು. ಈಗಲಾದರೂ ಹೇಳಬಹುದಿತ್ತು. ಆರು ಜವುಗಿನ ಕೇಸು, ಮಗಳ ಸಹಿ, ಹಿಂದಕ್ಕೆ ತಿರುಗಿದ ಲಾರಿಗಳು ಎಲ್ಲ ಒಟ್ಟಿಗೆ ಬಾಯಿಗೆ ಅಡ್ಡ ನಿಂತವು.

“ಇಷ್ಟು ವರ್ಷ ಆದ್ಮೇಲೆ ಆ ಜವುಗಿನಲ್ಲಿ ಕೇಳಿದ್ರಲ್ಲ. ಹೇಗಿತ್ತಕ್ಕಾ?”

ಕಿವಿಯಕ್ಕ ಕಣ್ಣು ಮುಚ್ಚಿದಳು.

“ಒಂದೇ ಎಳೆ,” ಎಂದಳು. “ಎಲ್ಲಿ ಶುರುವಾಯ್ತು ಅಂತಾನೇ ಗೊತ್ತಾಗಲ್ಲ. ಆಗ್ಲಿಂದ ಕೂಗ್ತಾನೇ ಇತ್ತು, ನಾವು ಈಗ ಕೇಳಿಸ್ಕೊಂಡ್ವಿ ಅನ್ನೋ ಹಾಗಿರುತ್ತೆ. ಮೇಲಕ್ಕೆ ಹೋಗುತ್ತೆ, ಇನ್ನು ಮೇಲೆ ಜಾಗ ಇಲ್ಲ ಅನ್ನೋ ಕಡೆಗೆ ಹೋಗಿ, ಅಲ್ಲಿಂದ ಇನ್ನೂ ಒಂದು ಕೂದಲೆಳೆಯಷ್ಟು ಮೇಲಕ್ಕೆ ಹೋಗುತ್ತೆ. ಕೊನೆ ಅಂತ ಇರಲ್ಲ, ಕಡಿದುಹೋಗುತ್ತೆ. ಆಮೇಲೆ ಒಂದು ಗಳಿಗೆ ಕಪ್ಪೆಗಳ ಸದ್ದೂ ದಪ್ಪ ಅನ್ಸುತ್ತೆ, ನಮ್ಮ ಉಸಿರೂ ದಪ್ಪ ಅನ್ಸುತ್ತೆ.”

“ನಾನು ಯಾವತ್ತೂ ಹಿಡೀಲೇ ಇಲ್ಲ ನೋಡಿ,” ಎಂದ ನಿರ್ದೇಶಕ, ಹೊಟ್ಟೆಕಿಚ್ಚಿನಂಥ ಪ್ರೀತಿಯಿಂದ. “ಒಂದೇ ಸಲಾನಾ?”

“ಒಂದೇ ಸಲ.”

ಫೋನನ್ನು ಚೀಲಕ್ಕೆ ಹಾಕಿದಳು. ಮಗಳು ಟಿಕೆಟ್ಟು ಮಡಚುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದಳು.

“ಅದು ಹಾಗಿರುತ್ತಾ?” ಎಂದು ಕೇಳಿದಳು.

“ಹಾಗಿತ್ತು,” ಎಂದಳು ಕಿವಿಯಕ್ಕ. ಬಸ್ಸು ನಿಂತು ನಾಲ್ಕೈದು ಜನ ಹತ್ತಿದರು. ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಅವರಿಗೆ ದಾರಿ ಬಿಟ್ಟಳು.